ಚಿಂಟುವಿಗೆ ಊಟ ಕಲಿಸಿದ್ದು

ಗಿಳಿಜಾತಿಯ ಕಾಕಟೀಲ್ ಹಕ್ಕಿ ಕಾಳು ಸುಲಿಯುವುದನ್ನು ಹತ್ತಿರದಿಂದ ನೋಡಬೇಕು. ನವಣೆಯ ಒಂದು ಕಾಳನ್ನು ಕೊಕ್ಕಿನ ತುದಿಯಲ್ಲಿ ಎತ್ತಿಕೊಳ್ಳುತ್ತದೆ. ದಪ್ಪ ನಾಲಿಗೆಯಿಂದ ಅದನ್ನು ಒಂದು ಸುತ್ತು ತಿರುಗಿಸುತ್ತದೆ. ಕೆಳಕೊಕ್ಕಿನ ಅಂಚು ಸಿಪ್ಪೆಯ ಸಂದಿಗೆ ಸರಿಯಾಗಿ ಬಂದು ಕೂರುತ್ತದೆ. ಟಿಕ್ ಅಂತ ಸಣ್ಣ ಸದ್ದು. ಹೊಟ್ಟು ಬಟ್ಟಲಿಗೆ, ಕಾಳು ಗಂಟಲಿಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹೀಗೆ ಬಿದ್ದ ಹೊಟ್ಟು ಬಟ್ಟಲ ಮೇಲೆ ಪದರವಾಗಿ ಕೂರುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿಯೇ ಇದೆ. ಬಾಯಿಂದ ಒಮ್ಮೆ ಊದಿ ನೋಡಿದರೆ ಅಡಿಯಲ್ಲಿ ನಾಲ್ಕು ಕಾಳೂ ಇರುವುದಿಲ್ಲ. ಹಕ್ಕಿ ಸಾಕುವ ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ದಿನಾ ಬೆಳಿಗ್ಗೆ ಬಟ್ಟಲು ಊದಿ ನೋಡಿ. ತುಂಬಿದ ಬಟ್ಟಲಿನ ಮುಂದೆ ಕೂತು ಹಸಿವಿನಿಂದ ಸತ್ತ ಹಕ್ಕಿಗಳಿವೆ.

ನಾನು ಹೇಳಬೇಕೆಂದಿರುವುದು ಇನ್ನೊಂದು ಬಗೆಯ ಹಸಿವಿನ ಬಗ್ಗೆ. ಹೊಟ್ಟೆ ತುಂಬಿರುತ್ತದೆ, ಮೈಗೆ ಮಾತ್ರ ಬೇಕಾದ್ದು ಸಿಕ್ಕಿರುವುದಿಲ್ಲ.

ನಮ್ಮ ಕಾಕಟೀಲ್ ಚಿಂಟು ಮನೆಗೆ ಬಂದಿದ್ದು ಮೌಶಿ ಮನೆಯಿಂದ. ಮೌಶಿ ಮಗಳ ಜೊತೆ ಇರಲು ಪುಣೆಗೆ ಹೊರಟರು. ಅಲ್ಲಿನ ಸಣ್ಣ ಮನೆಯಲ್ಲಿ ಪಂಜರ ಇಡಲು ಜಾಗ ಇರಲಿಲ್ಲ. ಬೂದು ಮೈ, ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು, ತಲೆ ಮೇಲೆ ಜುಟ್ಟು. ಮೌಶಿ ಅವನನ್ನು ಪ್ರೀತಿಯಿಂದಲೇ ಸಾಕಿದ್ದರು. ಅಂಗಡಿಯವರು ಕೊಟ್ಟ ಮಿಕ್ಸನ್ನೇ ವರ್ಷಾನುಗಟ್ಟಲೆ ಹಾಕಿದ್ದರು. ನವಣೆ, ಸಜ್ಜೆ, ಸ್ವಲ್ಪ ಕುಸುಬೆ, ಮೇಲೆ ಧಾರಾಳವಾಗಿ ಸೂರ್ಯಕಾಂತಿ. ಚಿಂಟು ಮೊದಲು ಸೂರ್ಯಕಾಂತಿಯನ್ನೆಲ್ಲ ಹೆಕ್ಕಿ ಮುಗಿಸುತ್ತಿದ್ದ, ಆಮೇಲೆ ಕುಸುಬೆ. ನವಣೆಯ ಸರದಿ ಬರುವುದು ಸಂಜೆಗೆ. ಹಕ್ಕಿಗೆ ಇಷ್ಟವಾದದ್ದನ್ನೇ ಕೊಡುತ್ತಿದ್ದೇವೆ ಅಂತ ಮೌಶಿಗೆ ಖುಷಿ. ಧಾರವಾಡದಲ್ಲಿ ಯಾರ ಮನೆಗೆ ಹೋದರೂ ಹಕ್ಕಿಗೆ ಇದೇ ಊಟ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದು ಹೊರದೇಶದ ತಳಿಯ ಹಕ್ಕಿಗಳ ಬಗ್ಗೆ. ನಮ್ಮ ಊರಿನ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎಷ್ಟೇ ಒಳ್ಳೆಯ ಊಟ ಹಾಕಿದರೂ ಅದರ ಜಾಗ ಮರ. ಆಫ್ರಿಕನ್ ಗ್ರೇ, ಮಕಾವ್, ಸನ್ ಕನ್ಯೂರ್‌ನಂಥ ಹೊರದೇಶದ ಗಿಳಿ ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ.

ಚಿಂಟು ಬಂದ ಹೊಸದರಲ್ಲೇ ಹಕ್ಕಿಗಳನ್ನು ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ದಿನಾ ಏನ್ ಹಾಕ್ತೀರಿ?"

"ಕಾಳು ರೀ."

"ಬರೇ ಕಾಳಾ?"

ಆಮೇಲೆ ಅವರು ಟವೆಲ್‌ನಲ್ಲಿ ಮೆಲ್ಲಗೆ ಅವನನ್ನು ಹಿಡಿದು ಎದೆಯ ಪುಕ್ಕಕ್ಕೆ ಚೂರು ಸ್ಪಿರಿಟ್ ಸವರಿ ಬದಿಗೆ ಸರಿಸಿದರು. ಹಕ್ಕಿಯ ಚರ್ಮ ತೆಳು. ಒಳಗಿನ ಸ್ನಾಯು ಕೆಂಪಗೆ ಕಾಣಬೇಕು. ಚಿಂಟುವಿನ ಚರ್ಮದ ಕೆಳಗೆ ಹಳದಿ ಕೊಬ್ಬು ಕಾಣಿಸಿತು. ಆಮೇಲೆ ಕೊಕ್ಕು ತೆರೆಸಿ ಟಾರ್ಚ್ ಹಾಕಿದರು. ಹಕ್ಕಿಯ ಮೇಲಂಗುಳದಲ್ಲಿ ಒಂದು ಸೀಳು ಇರುತ್ತದೆ, ಮೂಗಿಗೆ ಹೋಗುವ ದಾರಿ. ಅದರ ಅಂಚಿನಲ್ಲಿ ಮುಳ್ಳಿನಂಥ ಸಣ್ಣ ಸಣ್ಣ ಮೊನೆಗಳಿರಬೇಕು. ಅವನವು ಸವೆದು ಮೊಂಡಾಗಿದ್ದವು. "ಎ ವಿಟಮಿನ್ ಕಮ್ಮಿ ಬಿದ್ದದ," ಅಂದರು. ತಕ್ಕಡಿ ಮೇಲೆ 110 ಗ್ರಾಂ. ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ ತೂಗುತ್ತದೆ. ಹತ್ತು ಗ್ರಾಂ ನಮಗೆ ಏನೂ ಅಲ್ಲ ಅನಿಸಬಹುದು. ಅಷ್ಟು ಸಣ್ಣ ಮೈಗೆ ಅದು ದೊಡ್ಡ ಹೊರೆ.

ಸೂರ್ಯಕಾಂತಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಎಣ್ಣೆಯೇ. ನವಣೆಯಲ್ಲಿ ನೂರಕ್ಕೆ ನಾಲ್ಕರಷ್ಟು. ಎ ವಿಟಮಿನ್ ಎರಡರಲ್ಲೂ ಇಲ್ಲ ಅನ್ನುವಷ್ಟು ಕಮ್ಮಿ. ಕ್ಯಾಲ್ಸಿಯಂನದು ಇನ್ನೊಂದು ಕಥೆ. ನೂರು ಗ್ರಾಂ ಸೂರ್ಯಕಾಂತಿಯಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ ಆಸುಪಾಸು, ರಂಜಕ 600ಕ್ಕಿಂತ ಜಾಸ್ತಿ. ಹಕ್ಕಿಗೆ ಬೇಕಾದ್ದು ಇದಕ್ಕೆ ಪೂರ್ತಿ ತಿರುಗುಮುರುಗು, ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು. ಇದು ವರ್ಷಗಟ್ಟಲೆ ನಡೆದರೆ ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ, ಕೊಕ್ಕು ಬೇಗ ಬೇಗ ಉದ್ದ ಬೆಳೆಯುತ್ತದೆ, ಮೂಗು ಗಂಟಲಿಗೆ ಪದೇ ಪದೇ ಸೋಂಕು ತಗಲುತ್ತದೆ. ಹೆಣ್ಣು ಹಕ್ಕಿಗೆ ಮೊಟ್ಟೆ ಹೊರಬರದೆ ಸಿಕ್ಕಿಹಾಕಿಕೊಳ್ಳುತ್ತದೆ. ಆಫ್ರಿಕನ್ ಗ್ರೇ ಗಿಳಿಗೆ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ನಾವು ಲವ್ ಬರ್ಡ್ಸ್ ಅಂತ ಕರೆಯುವ ಬಜರಿಗರ್‌ಗಳಿಗೆ ಬರೀ ಕಾಳಿನಲ್ಲಿ ಅಯೋಡಿನ್ ಸಾಲದೆ ಥೈರಾಯಿಡ್ ಊದಿಕೊಳ್ಳುತ್ತದೆ.

ಇಷ್ಟು ಕೇಳಿದ ಮೇಲೆ ಕಾಳನ್ನೆಲ್ಲ ಎಸೆದುಬಿಡೋಣ ಅನಿಸುತ್ತದೆ. ಹಾಗೆ ಮಾಡಬಾರದು. ಕಾಕಟೀಲ್ ಹುಟ್ಟಿನಿಂದಲೇ ಕಾಳು ತಿನ್ನುವ ಹಕ್ಕಿ. ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆಯಲ್ಲಿ ಮಳೆ ಬಿದ್ದ ಕಡೆ, ಹುಲ್ಲು ತೆನೆ ಕಟ್ಟಿದ ಕಡೆ ಹಿಂಡು ಹಿಂಡಾಗಿ ಅಲೆದು ತಿನ್ನುತ್ತದೆ. ಅಲ್ಲಿಯೂ ರೈತರು ಜೋಳ ಬೆಳೆಯುತ್ತಾರೆ. ಅಲ್ಲಿ ಈ ಹಕ್ಕಿಗಳ ಊಟವನ್ನು ಗಮನಿಸಿದವರು ಕಂಡದ್ದು ಏನೆಂದರೆ, ಬಲಿತು ಗಟ್ಟಿಯಾದ ಕಾಳಿಗಿಂತ ಅವಕ್ಕೆ ಎಳೆಯ, ಮೆತ್ತನೆಯ ಕಾಳೇ ಇಷ್ಟ.

ಇದನ್ನು ಓದಿದಾಗ ನನಗೆ ತಟ್ಟನೆ ನಮ್ಮ ಹೊಲಗಳು ನೆನಪಾದವು. ಬಿಳಿಜೋಳ ಹಾಲುಗಾಳಾದಾಗಲೇ ಅಲ್ವಾ ಗಿಳಿಗಳು ಮುಗಿಬೀಳುವುದು? ಅಟ್ಟಣಿಗೆ ಕಟ್ಟಿ, ಕವಣೆ ಹಿಡಿದು ಹಕ್ಕಿ ಕಾಯುವುದು ಆಗಲೇ. ನಾವೂ ಅದೇ ಹದ ನೋಡಿ ಸೀತನಿ ಸುಟ್ಟು ತಿನ್ನುತ್ತೇವೆ. ಹಸಿ ಕಾಳಿನಲ್ಲಿ ನೀರಿದೆ, ಸಿಹಿ ಇದೆ. ಹಿಂಡಿನ ಹಕ್ಕಿ ಅದರ ಜೊತೆ ಹತ್ತಾರು ಬಗೆಯ ಹುಲ್ಲಿನ ಬೀಜ, ಚಿಗುರು ತಿನ್ನುತ್ತದೆ. ತಿಂದದ್ದನ್ನು ಕರಗಿಸಲು ಮೈಲಿಗಟ್ಟಲೆ ಹಾರುತ್ತದೆ. ಪಂಜರದ ಹಕ್ಕಿಗೆ ಸಿಗುವುದು ಗೋದಾಮಿನಲ್ಲಿ ತಿಂಗಳುಗಟ್ಟಲೆ ಒಣಗಿದ ಮೂರು ನಾಲ್ಕು ಬಗೆ, ಅದರಲ್ಲೂ ಎಣ್ಣೆಕಾಳೇ ಜಾಸ್ತಿ. ಹಾರುವುದು ಒಂದು ಕೋಲಿನಿಂದ ಇನ್ನೊಂದು ಕೋಲಿಗೆ. ಹಾಗಾಗಿ ನನ್ನ ದೂರು ಕಾಳಿನ ಮೇಲಲ್ಲ. ಅದೊಂದನ್ನೇ, ಅದೂ ಒಣಗಿದ್ದನ್ನು, ಜೀವಮಾನವಿಡೀ ಹಾಕುವುದರ ಮೇಲೆ.

ಕಾಳು ಕಮ್ಮಿ ಮಾಡಿ ಸೊಪ್ಪು, ತರಕಾರಿ, ಪೆಲೆಟ್ (ಬೇಕಾದ್ದನ್ನೆಲ್ಲ ಸೇರಿಸಿ ಮಾಡಿದ ಗುಳಿಗೆಯಂಥ ಹಕ್ಕಿ ಊಟ) ಕಲಿಸಬೇಕಂತೆ ಅಂತ ಮನೆಗೆ ಬಂದು ಹೇಳಿದಾಗ ಅವ್ವ ಅಂದಳು, "ಕಾಳು ತೆಗದುಬಿಡು. ಹಸದ್ರ ತಾನ ತಿಂತೈತಿ." ಹಕ್ಕಿ ಸಾಕುವ ಬಹಳ ಜನ ಹೇಳುವುದೂ ಇದನ್ನೇ. ಡಾಕ್ಟರು ಮಾತ್ರ ಇದೊಂದು ವಿಷಯದಲ್ಲಿ ಬಹಳ ಗಟ್ಟಿಯಾಗಿ ಬೇಡ ಅಂದಿದ್ದರು. ಏನು ತಿನ್ನಬೇಕು ಅನ್ನುವುದನ್ನು ಹಕ್ಕಿ ಮರಿಯಾಗಿದ್ದಾಗ ಅಪ್ಪ ಅಮ್ಮನನ್ನು, ಹಿಂಡನ್ನು ನೋಡಿ ಕಲಿಯುತ್ತದೆ. ಆಗ ಕಾಣದ್ದು ಅದರ ಲೆಕ್ಕದಲ್ಲಿ ಆಹಾರವೇ ಅಲ್ಲ. ಪೆಲೆಟ್ ಅಂದರೆ ಅವನಿಗೆ ಕಲ್ಲುಹರಳಿದ್ದ ಹಾಗೆ. ನಮ್ಮ ತಟ್ಟೆಗೆ ಕಲ್ಲುಹರಳು ಬಡಿಸಿ, ಹಸಿದರೆ ತಿಂತೀರಿ ಅಂದರೆ ತಿನ್ನುತ್ತೇವೆಯೇ? ಇಷ್ಟು ಸಣ್ಣ ಹಕ್ಕಿ ಒಂದೆರಡು ದಿನ ಏನೂ ತಿನ್ನದಿದ್ದರೆ ಜೀವಕ್ಕೇ ಕುತ್ತು. ಲಿವರ್‌ನಲ್ಲಿ ಮೊದಲೇ ಕೊಬ್ಬಿದ್ದರಂತೂ ಇನ್ನೂ ಬೇಗ. ಹಟ ಅಂತ ನಾವು ಹೆಸರಿಡುವುದು ಅದರ ಹೆದರಿಕೆಗೆ. ಕಾಡಿನಲ್ಲಿ ಗೊತ್ತಿಲ್ಲದ್ದನ್ನು ಬಾಯಿಗೆ ಹಾಕದಿದ್ದ ಹಕ್ಕಿಯೇ ಬದುಕಿ ಉಳಿದಿದೆ.

ಅದಕ್ಕೇ ಮೊದಲು ತಂದಿದ್ದು ತಕ್ಕಡಿ. ಅಡುಗೆಮನೆಗೆ ಮಾರುವ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಸಣ್ಣ ಕೋಲಿನ ಸ್ಟ್ಯಾಂಡ್ ಇಟ್ಟು, ಅದರ ತೂಕ ಕಳೆದು ಹಕ್ಕಿಯನ್ನು ಕೂರಿಸಬೇಕು. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಊಟ ಕೊಡುವ ಮುಂಚೆ. ಅಂಕಿಯನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತಾ ಹೋದೆ. ಪುಕ್ಕದ ಮೈ ನೋಡಿ ಹಕ್ಕಿ ಬಡವಾಗಿದೆಯಾ ಅಂತ ಹೇಳಲಾಗದು. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಕೆಲವೇ ದಿನಗಳಲ್ಲಿ ತೂಕದ ಹತ್ತನೇ ಒಂದು ಪಾಲು ಇಳಿದರೆ ಎಲ್ಲ ನಿಲ್ಲಿಸಿ ಹಳೆಯ ಕಾಳಿಗೆ ಮರಳಬೇಕು, ಡಾಕ್ಟರಿಗೆ ಫೋನ್ ಮಾಡಬೇಕು. ಚಿಂಟುವಿನ ಲೆಕ್ಕದಲ್ಲಿ ಅದು 11 ಗ್ರಾಂ.

ತಕ್ಕಡಿಯಷ್ಟೇ ನಿಜ ಹೇಳುವ ಇನ್ನೊಂದು ಜಾಗ ಪಂಜರದ ತಳ. ಅಲ್ಲಿ ಬಿಳಿ ಕಾಗದ ಹಾಸುತ್ತೇನೆ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ಹಸಿರು ಅಥವಾ ಕಂದು ಎಳೆ, ಬಿಳಿ ಸುಣ್ಣದಂಥದ್ದು, ಸುತ್ತ ನೀರು. ಪೆಲೆಟ್ ತಿನ್ನಲು ಶುರು ಮಾಡಿದರೆ ಎಳೆ ಕಂದಾಗುತ್ತದೆ. ತಿನ್ನದೆ ಸುಮ್ನೆ ಚೆಲ್ಲಾಡುತ್ತಿದ್ದರೆ ಹಿಕ್ಕೆ ಚಿಕ್ಕದಾಗಿ, ಎಣಿಕೆ ಕಮ್ಮಿಯಾಗಿ, ಕಡು ಹಸಿರಿನಿಂದ ಕಪ್ಪಿಗೆ ತಿರುಗುತ್ತದೆ. ಬಟ್ಟಲಿನ ಪೆಲೆಟ್ ಪುಡಿಯಾಗಿದೆ ಅಂದ ಮಾತ್ರಕ್ಕೆ ಹೊಟ್ಟೆಗೆ ಹೋಗಿದೆ ಅಂತ ನಂಬಬಾರದು. ಕಚ್ಚಿ ಕಚ್ಚಿ ಉಗುಳುವುದೂ ಅವಕ್ಕೆ ಆಟ. ಬೀಟ್‌ರೂಟ್ ತಿಂದ ಮರುದಿನ ಕೆಂಪು ಕಂಡರೆ ಗಾಬರಿ ಬೇಡ.

ಒಣ ಕಾಳಿನಿಂದ ಸೊಪ್ಪಿಗೆ ಒಂದೇ ಹೆಜ್ಜೆಯಲ್ಲಿ ಹೋಗಲು ಆಗುವುದಿಲ್ಲ. ನಡುವೆ ಮೊಳಕೆ ಬೇಕು. ಕಾಳಿನ ರುಚಿ ಇರುತ್ತದೆ, ಒಳಗೆ ಹಸಿ ಇರುತ್ತದೆ. ಹೆಸರು, ಸಜ್ಜೆ, ನವಣೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಬಿಳಿ ಮೂತಿ ಹೊರಗೆ ಇಣುಕಿದರೆ ಸಾಕು. ಕೊಡುವ ಮುಂಚೆ ಮತ್ತೆ ತೊಳೆದು ಮೂಸಿ ನೋಡಬೇಕು. ಹುಳಿ ವಾಸನೆ ಬಂದರೆ ಎಲ್ಲ ಎಸೆಯಬೇಕು. ಬೇಸಿಗೆಯಲ್ಲಿ ಎರಡು ತಾಸಿಗಿಂತ ಜಾಸ್ತಿ ಪಂಜರದಲ್ಲಿ ಬಿಡುವುದಿಲ್ಲ. ರಾಜ್ಮಾ ಮಾತ್ರ ಮೊಳಕೆ ಕಟ್ಟಬಾರದು, ಹಸಿ ರಾಜ್ಮಾದಲ್ಲಿ ವಿಷ ಇದೆ.

ಮೊಳಕೆ ಚಿಂಟುವಿಗೆ ಒಗ್ಗಿದ ಮೇಲೆ ಅದೇ ಒದ್ದೆ ಮೊಳಕೆಗೆ ಪೆಲೆಟ್ ಪುಡಿ ಅಂಟಿಸಿದೆ. ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ಮೇಲೆ ಉದುರಿಸಿ ಕಲಸಿದರೆ ಪ್ರತಿ ಕಾಳಿಗೂ ಹಿಟ್ಟು ಹತ್ತುತ್ತದೆ. ಕಾಳು ಸುಲಿಯುವಾಗ ನಾಲಿಗೆಗೆ ಆ ರುಚಿ ತಾಗುತ್ತದೆ. ವಾರಗಳು ಕಳೆದಂತೆ ಪುಡಿ ತರಿಯಾಯಿತು, ತರಿ ಚೂರಾಯಿತು. ಒಂದು ಬೆಳಿಗ್ಗೆ ಮೊಳಕೆಯ ನಡುವಿನಿಂದ ಚೂರೊಂದನ್ನು ಹೆಕ್ಕಿದ. ನೀರಿನ ಬಟ್ಟಲಿಗೆ ಒಯ್ದು ಅದ್ದಿದ. ಮೆತ್ತಗಾದ ಮೇಲೆ ಅಗಿದ. ಉಗುಳಲಿಲ್ಲ. ನಾನು ಅಡುಗೆಮನೆಗೆ ಓಡಿ ಅವ್ವನನ್ನು ಕೈಹಿಡಿದು ಕರೆತಂದೆ. ಅಷ್ಟರಲ್ಲಿ ಎರಡನೆಯದನ್ನು ಅದ್ದುತ್ತಿದ್ದ. ಅವತ್ತಿನಿಂದ ನೀರನ್ನು ದಿನಕ್ಕೆ ಎರಡು ಮೂರು ಸಲ ಬದಲಾಯಿಸುವುದು ಕೆಲಸವಾಯಿತು. ಮಾಡುತ್ತೇನೆ, ಬೇಸರವಿಲ್ಲ.

ಸೊಪ್ಪಿನ ಕಥೆ ಬೇರೆಯೇ. ಹಿಡಿ ಹಿಡಿ ಕೊತ್ತಂಬರಿ ಪಂಜರಕ್ಕೆ ಸಿಕ್ಕಿಸಿದರೂ ಹತ್ತಿರ ಹೋಗುತ್ತಿರಲಿಲ್ಲ. ಜುಟ್ಟು ನೆಟ್ಟಗೆ ಎತ್ತಿ, ಮೈ ಸಣ್ಣಗೆ ಮಾಡಿಕೊಂಡು ಮೂಲೆ ಸೇರುತ್ತಿದ್ದ. ದಾರಿ ತೋರಿಸಿದ್ದು ನಮ್ಮ ಮಧ್ಯಾಹ್ನದ ಊಟ. ನಮ್ಮ ಕಡೆ ರೊಟ್ಟಿ ಜೊತೆ ಹಸಿ ತಪ್ಪಲ ತಿನ್ನುತ್ತೇವೆ: ಮೆಂತ್ಯ, ಮೂಲಂಗಿ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ. ಎಲ್ಲರೂ ಕೂತು ಉಣ್ಣುವ ಜಾಗಕ್ಕೇ ಅವನ ಸ್ಟ್ಯಾಂಡ್ ತಂದಿಟ್ಟೆವು. ಹಕ್ಕಿ ಒಂಟಿಯಾಗಿ ಉಣ್ಣುವ ಜೀವಿ ಅಲ್ಲ. ಹಿಂಡು ಇಳಿದರೆ ತಾನೂ ಇಳಿಯುತ್ತದೆ, ಹಿಂಡು ತಿಂದರೆ ತಾನೂ ತಿನ್ನುತ್ತದೆ. ಅವನ ಪಾಲಿಗೆ ಈಗ ಹಿಂಡು ಅಂದರೆ ನಾವೇ. ಯಾರೂ ಅವನಿಗೆ ಕೊಡಲಿಲ್ಲ, ಕರೆಯಲೂ ಇಲ್ಲ. ಸುಮ್ನೆ ಎದುರಿಗೆ ತಿಂದೆವು. ಅವ್ವ ಹಕ್ಕರಕಿ ಎಲೆಯನ್ನು ಕರಕರ ಅಂತ ಸದ್ದು ಮಾಡಿ ಅಗಿಯುತ್ತಾಳೆ. ಚಿಂಟು ಕತ್ತು ಓರೆ ಮಾಡಿ ಅವಳ ಬಾಯನ್ನೇ ನೋಡುತ್ತಿದ್ದ. ಹೀಗೆ ಬಹಳ ಮಧ್ಯಾಹ್ನ ನಡೆಯಿತು. ಕಡೆಗೆ ಸ್ಟ್ಯಾಂಡ್ ಬಿಟ್ಟು ಇಳಿದು, ಚಾಪೆ ಮೇಲೆ ತಪತಪ ನಡೆದು ಬಂದು, ಅವ್ವನ ತಟ್ಟೆಯ ಅಂಚಿನಲ್ಲಿದ್ದ ಎಲೆಯ ತುದಿಯನ್ನು ಕತ್ತರಿಸಿದ. ಸಣ್ಣ ಸಣ್ಣ ಹಲ್ಲು ಮೂಡಿದ ಹಾಗೆ ಎಲೆಯ ಅಂಚು ಉದ್ದಕ್ಕೂ ಕಡಿದುಹೋಯಿತು. "ಉಣ್ಣಪ್ಪಾ, ಉಣ್ಣು," ಅಂತ ಅವ್ವ ತಟ್ಟೆಯನ್ನೇ ಅವನ ಕಡೆ ಸರಿಸಿದಳು.

ಉಳ್ಳಾಗಡ್ಡಿ ತಪ್ಪಲ ಮಾತ್ರ ಅಂದಿನಿಂದ ಅವನ ಎದುರಿಗೆ ಬರುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಕ್ಕಿಯ ರಕ್ತಕ್ಕೆ ಕೆಟ್ಟದ್ದು. ಬೆಣ್ಣೆಹಣ್ಣು ಅದಕ್ಕಿಂತ ಅಪಾಯ. ಅದರಲ್ಲಿರುವ ಪರ್ಸಿನ್ ಅನ್ನುವ ಅಂಶ ಹಕ್ಕಿಯ ಹೃದಯಕ್ಕೇ ಹೊಡೆಯುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಅಂಗಳದಲ್ಲೇ ಬೆಣ್ಣೆಹಣ್ಣಿನ ಮರ ಇರುವ ಮನೆಯವರು ಇದನ್ನು ಮನೆಮಂದಿಗೆಲ್ಲ ಹೇಳಿಡಬೇಕು. ಚಾಕಲೇಟ್, ಚಹಾ, ಕಾಫಿ, ಉಪ್ಪಿನ ಚುರುಮುರಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಯಾವುದೂ ಬೇಡ. ಶೇಂಗಾ ಗಿಳಿಯ ಊಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಣ್ಣಿಗೆ ಕಾಣದ ಬೂಸ್ಟು ಹಿಡಿದಿದ್ದರೂ ಅದರ ವಿಷ ನೇರ ಲಿವರ್‌ಗೆ ಹೋಗುತ್ತದೆ. ಊಟದ ವಿಷಯ ಅಲ್ಲದಿದ್ದರೂ ಹೇಳುತ್ತೇನೆ: ನಾನ್‌ಸ್ಟಿಕ್ ಬಾಣಲೆ ಒಲೆ ಮೇಲೆ ಸೀದುಹೋದರೆ ಅದರ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ. ನಮ್ಮ ಮನೆಯಲ್ಲಿ ಈಗ ಇರುವುದೆಲ್ಲ ಕಬ್ಬಿಣದ್ದು.

ಕೊಡಬಹುದಾದ್ದು ನಮ್ಮ ಸಂತೆಯಲ್ಲಿ ಬೇಕಾದಷ್ಟಿದೆ. ನುಗ್ಗೆಸೊಪ್ಪಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಎ ವಿಟಮಿನ್ನೂ ಇದೆ, ಕ್ಯಾಲ್ಸಿಯಮ್ಮೂ ಇದೆ, ಹಿತ್ತಲಲ್ಲೇ ಸಿಗುತ್ತದೆ. ತೊಳೆದು ನೀರು ಸೋರುವ ಹಾಗೇ ಕಟ್ಟು ಕಟ್ಟಿ ತೂಗುಬಿಟ್ಟರೆ ಚಿಂಟು ಮೊದಲು ಅದರಲ್ಲಿ ಮೈ ಉಜ್ಜಿ ಸ್ನಾನ ಮಾಡುತ್ತಾನೆ, ಆಮೇಲೆ ತಿನ್ನುತ್ತಾನೆ. ಸಿಹಿಗುಂಬಳ, ಗೆಣಸು ಆವಿಯಲ್ಲಿ ಬೇಯಿಸಿ ಕೊಡುತ್ತೇನೆ. ಪಾಲಕ್ ಅಪರೂಪಕ್ಕೆ ಮಾತ್ರ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೆಣಸಿನಕಾಯಿ ಕೊಡುವುದನ್ನು ನೋಡಿ ಮನೆಗೆ ಬಂದವರು ಹೌಹಾರುತ್ತಾರೆ. ಖಾರ ನಮ್ಮ ಬಾಯಿಗೆ, ಇಲಿ ಅಳಿಲಿನ ಬಾಯಿಗೆ. ಹಕ್ಕಿಯ ನರಕ್ಕೆ ಖಾರದ ಅಂಶ ತಾಗುವುದೇ ಇಲ್ಲ. ಗಿಡದ ಲೆಕ್ಕವೂ ಅದೇ: ಬೀಜವನ್ನು ಅರೆಯದೆ ದೂರ ಒಯ್ಯುವ ಹಕ್ಕಿಗಳು ಬರಲಿ ಅಂತ. ಚಿಂಟುವಿನ ಕೊಕ್ಕಿನಿಂದ ಯಾವ ಬೀಜವೂ ಮೊಳೆಯುವ ಹಾಗೆ ಉಳಿಯುವುದಿಲ್ಲ, ಅದು ಬೇರೆ ಮಾತು. ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲು ಬೇಕು. ಗಾಜಿನ ಕಿಟಕಿಯ ಒಳಗಿನ ಬಿಸಿಲಲ್ಲಿ ಆ ಕಿರಣ ಇರುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಪಂಜರ ಹೊರಗಿಟ್ಟು ಪಕ್ಕದಲ್ಲೇ ಕೂರುತ್ತೇನೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಿಳಿಜಾತಿಯ ಊಟದ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಕಾಕಟೀಲ್‌ನಿಂದಲೇ ಬಂದದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಗ್ರಾವ್ ಮತ್ತು ರೌಡಿಬುಶ್ ಅನ್ನುವವರು 1980ರ ದಶಕದಲ್ಲಿ ಕಾಕಟೀಲ್ ಮರಿಗಳನ್ನು ಬೆಳೆಸಿ ನೋಡಿದರು. ಊಟದಲ್ಲಿ ನೂರಕ್ಕೆ 20ರಷ್ಟು ಪ್ರೋಟೀನ್ ಇದ್ದರೆ ಮರಿ ಚೆನ್ನಾಗಿ ಬೆಳೆಯುತ್ತದೆ ಎಂದು ಕಂಡುಕೊಂಡರು. ಅದೇ ಡೇವಿಸ್‌ನಿಂದ 2003ರಲ್ಲಿ ಬಂದ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಬೆಳೆದ ಕಾಕಟೀಲ್‌ಗೆ ಎ ವಿಟಮಿನ್ ಕಮ್ಮಿಯಾದರೆ ಆಗುವುದಕ್ಕಿಂತ ಬೇಗ ಅದು ಜಾಸ್ತಿಯಾದರೆ ತೊಂದರೆ ಶುರುವಾಗುತ್ತದೆ. ಪೆಲೆಟ್‌ನಲ್ಲಿ ವಿಟಮಿನ್ ಮೊದಲೇ ಸೇರಿಸಿರುತ್ತಾರೆ. ಅದರ ಮೇಲೆ ನೀರಿಗೆ ವಿಟಮಿನ್ ಹನಿ ಹಾಕುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಡುಕು. ಸೊಪ್ಪು, ಕುಂಬಳದಿಂದ ಈ ಭಯ ಇಲ್ಲ. ಅವುಗಳಲ್ಲಿ ಇರುವುದು ಕ್ಯಾರೋಟಿನ್. ಮೈ ಅದನ್ನು ತನಗೆ ಬೇಕಾದಷ್ಟೇ ವಿಟಮಿನ್ ಮಾಡಿಕೊಳ್ಳುತ್ತದೆ. ಪೆಲೆಟ್ ತುಟ್ಟಿ, ಬರುವುದೂ ಹೆಚ್ಚಾಗಿ ಹೊರದೇಶದಿಂದ. ಪೆಲೆಟ್ ಕೊಳ್ಳಲು ಆಗದವರು ತಮ್ಮ ಕೈಲಿ ಏನೂ ಆಗದು ಅಂತ ಕೈಚೆಲ್ಲಬಾರದು. ಸೂರ್ಯಕಾಂತಿ ಕಮ್ಮಿ ಮಾಡಿ, ಮೊಳಕೆ, ನುಗ್ಗೆಸೊಪ್ಪು, ಕುಂಬಳ ಕಲಿಸಿದರೆ ಅಷ್ಟರಮಟ್ಟಿಗೆ ಹಕ್ಕಿ ಗೆದ್ದಿತು.

ಹಕ್ಕಿಗೆ ಹುಷಾರಿಲ್ಲದಾಗ, ಮೊಟ್ಟೆ ಇಡುವಾಗ, ಪುಕ್ಕ ಉದುರಿ ಹೊಸದು ಬರುವಾಗ, ಮನೆ ಬದಲಾಯಿಸುವಾಗ ಹೊಸ ಊಟ ಕಲಿಸಲು ಶುರು ಮಾಡಬೇಡಿ. ಕಾಯಿರಿ. ಶುರು ಮಾಡಿದ ಮೇಲೂ ತಿಂಗಳುಗಳು ಹಿಡಿಯಬಹುದು.

ಚಿಂಟು ಈಗ 101 ಗ್ರಾಂ ಇದ್ದಾನೆ. ಕೊಕ್ಕು ಮೊದಲಿನಂತೆ ಬೇಗ ಬೆಳೆಯುತ್ತಿಲ್ಲ. ಹೊಸ ಪುಕ್ಕ ಮಿರುಗುತ್ತದೆ. ಊಟದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪೆಲೆಟ್, ಉಳಿದದ್ದು ಮೊಳಕೆ, ಸೊಪ್ಪು, ತರಕಾರಿ, ಸಂಜೆಗೆ ಒಂದು ಚಮಚ ನವಣೆ. ಸೂರ್ಯಕಾಂತಿ ಬಟ್ಟಲಿಗೆ ಹೋಗುವುದಿಲ್ಲ. ಕರೆದಾಗ ಹಾರಿ ಬಂದು ಕೈ ಮೇಲೆ ಕೂತರೆ ಒಂದು ಸಿಗುತ್ತದೆ, ಅದಕ್ಕಾಗಿ ಇಡೀ ಪಡಸಾಲೆ ಹಾರುತ್ತಾನೆ. ಗಜ್ಜರಿಗೆ ಮಾತ್ರ ಇನ್ನೂ ಒಲ್ಲೆ ಅನ್ನುತ್ತಾನೆ. ತುರಿದು ಕೊಟ್ಟೆ, ಬೇಯಿಸಿ ಕೊಟ್ಟೆ, ರೊಟ್ಟಿ ಚೂರಿನಲ್ಲಿ ಸುತ್ತಿ ಕೊಟ್ಟೆ. ರೊಟ್ಟಿ ತಿಂದು ಗಜ್ಜರಿ ಬಿಟ್ಟ. ಈ ವಾರದಿಂದ ಅವ್ವ ಊಟಕ್ಕೆ ಕೂತಾಗ ಹಸಿ ಗಜ್ಜರಿಯನ್ನು ಅವನಿಗೆ ಕೇಳುವ ಹಾಗೆ ಕಚ್ಚಿ ತಿನ್ನಲು ಶುರು ಮಾಡಿದ್ದಾಳೆ.